ಕರಗದ ರಾತ್ರಿಯ 55 ನಿಮಿಷ: ಕೋಲಾರದ ಒಂದು ಆರ್ಕೆಸ್ಟ್ರಾ ತಂಡದ ಪ್ರಕರಣ

2025ರ ಮೇ ತಿಂಗಳಲ್ಲಿ ಮುಳಬಾಗಿಲು ಕಡೆಯ ಒಂದು ಊರಿನಲ್ಲಿ ಕರಗದ ಪ್ರಯುಕ್ತ ನಮ್ಮ ರಸಮಂಜರಿ ಇತ್ತು. ಮಾತಾಗಿದ್ದು 60,000 ರೂಪಾಯಿಗೆ, ಸೌಂಡ್ಸ್, ಲೈಟಿಂಗ್ ಎಲ್ಲಾ ಸೇರಿ. ಸಂಜೆ 7ರಿಂದ ರಾತ್ರಿ 11ರವರೆಗೆ ನಾಲ್ಕು ಗಂಟೆ ಕಾರ್ಯಕ್ರಮ. ನಾವು ಹಾಡಿದ್ದು 55 ನಿಮಿಷ. ಕೈಗೆ ಬಂದದ್ದು 35,000.

ಆ ಒಂದು ರಾತ್ರಿ ಏನಾಯಿತು, ಯಾಕಾಯಿತು, ಆಮೇಲೆ ನಾವು ಏನು ಬದಲಾಯಿಸಿದೆವು, ಅದರಲ್ಲಿ ಯಾವುದು ನಡೆಯಿತು ಯಾವುದು ನಡೆಯಲಿಲ್ಲ ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ತಂಡ ಕಟ್ಟಿಕೊಂಡು ಇದರಲ್ಲೇ ಒಂದಿಷ್ಟು ದುಡಿಯುತ್ತಿರುವವರಿಗೆ, ಹಾಗೇ ಊರ ಹಬ್ಬಕ್ಕೆ ತಂಡ ಕರೆಸುವ ಕಮಿಟಿಯವರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ತಂಡದ ಬಗ್ಗೆ ಸ್ವಲ್ಪ. ನಾನು ಕೀಬೋರ್ಡ್ ನುಡಿಸುತ್ತೇನೆ, ತಂಡದ ವ್ಯವಹಾರವೂ ನನ್ನದೇ. ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ಒಬ್ಬರು, ತಬಲಾ ಮತ್ತು ಢೋಲಕ್ ಒಬ್ಬರು, ಬೇಸ್ ಗಿಟಾರ್ ಒಬ್ಬರು, ಒಬ್ಬ ಗಾಯಕ, ಇಬ್ಬರು ಗಾಯಕಿಯರು, ಒಬ್ಬ ನಿರೂಪಕ. ಒಟ್ಟು ಎಂಟು ಜನ. ಇದೊಂದನ್ನೇ ನಂಬಿಕೊಂಡವರು ಯಾರೂ ಇಲ್ಲ, ನಂಬಿಕೊಂಡರೆ ನಡೆಯುವುದೂ ಇಲ್ಲ. ಪ್ಯಾಡ್ ಹುಡುಗ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಬೇಸ್ ನುಡಿಸುವವರದು ಮೊಬೈಲ್ ರಿಪೇರಿ ಅಂಗಡಿ. ಗಾಯಕಿಯರಲ್ಲಿ ಒಬ್ಬರು ಶಾಲೆಯಲ್ಲಿ ಟೀಚರ್. ಇನ್ನೊಬ್ಬರು ಕೆಜಿಎಫ್‌ನವರು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ಕೆಲಸ ಮಾಡುತ್ತಾರೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಆ ರೈಲಿನ ಮೇಲೆಯೇ ನಿಂತಿದೆ, ಅವರ ಮನೆಯದೂ ಅಷ್ಟೇ.

ನಮ್ಮ ಸೀಸನ್ ಪಂಚಾಂಗ ನೋಡಿಕೊಂಡು ಬರುತ್ತದೆ. ಶಿವರಾತ್ರಿಯಿಂದ ಶುರು. ಯುಗಾದಿ ಆದಮೇಲೆ ಚೈತ್ರ, ವೈಶಾಖದಲ್ಲಿ ಕರಗ, ಜಾತ್ರೆ, ಹೂವಿನ ಪಲ್ಲಕ್ಕಿ, ದೀಪೋತ್ಸವ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ರಿಸೆಪ್ಷನ್ ಕೂಡ ಇಲ್ಲ. ಆಮೇಲೆ ಗಣೇಶ. ಪಿತೃಪಕ್ಷದಲ್ಲಿ ಮತ್ತೆ ಖಾಲಿ. ನವೆಂಬರ್ ಪೂರ್ತಿ ರಾಜ್ಯೋತ್ಸವ. ಧನುರ್ಮಾಸದಲ್ಲಿ ಮತ್ತೆ ಕಡಿಮೆ. ಅಂದರೆ ಬೇಸಿಗೆಯ ಎರಡು ತಿಂಗಳು ಕೈಕೊಟ್ಟರೆ ವರ್ಷವೇ ಕೈಕೊಟ್ಟ ಹಾಗೆ. 2020 ಮತ್ತು 2021ರಲ್ಲಿ ಎರಡು ಬೇಸಿಗೆ ಸಾಲಾಗಿ ಕೊರೊನಾಕ್ಕೆ ಹೋದಾಗ ನಮ್ಮ ತಬಲಾದವರು ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊತ್ತರು. ಬೆರಳು ಊದಿಕೊಂಡಿರುತ್ತಿದ್ದವು. ಮತ್ತೆ ತಬಲಾ ಮೇಲೆ ಕೈ ಕೂರುವುದಕ್ಕೆ ಅವರಿಗೆ ಆರು ತಿಂಗಳು ಬೇಕಾಯಿತು.

ಆ ರಾತ್ರಿ

ಮಧ್ಯಾಹ್ನ ಮೂರಕ್ಕೆ ಕೋಲಾರ ಬಿಟ್ಟೆವು. ನಾಲ್ಕಕ್ಕೆ ಊರು ಸೇರಿದೆವು. ಎರಡು ಟ್ರ್ಯಾಕ್ಟರ್ ಟ್ರೈಲರ್ ಜೋಡಿಸಿ ಮೇಲೆ ಹಲಗೆ ಹಾಸಿ ಸ್ಟೇಜ್ ಮಾಡಿದ್ದರು. ಪರವಾಗಿಲ್ಲ, ಗಟ್ಟಿಯಾಗಿತ್ತು. ಊರಿನ ಕರೆಂಟು ನಂಬುವ ಹಾಗಿರಲಿಲ್ಲ, ವೋಲ್ಟೇಜ್ ಏರಿಳಿದರೆ ಕೀಬೋರ್ಡ್ ಅಡಾಪ್ಟರ್ ಸುಟ್ಟುಹೋಗುತ್ತದೆ. ಜನರೇಟರ್ ಇಳಿಸಿದೆವು. ಐದೂವರೆಗೆ ಸೌಂಡ್ ಚೆಕ್ ಮುಗಿಯಿತು. ಆರೂವರೆಗೆ ಊಟ ಹಾಕಿದರು. ಏಳಕ್ಕೆ ಎಲ್ಲರೂ ಬಟ್ಟೆ ಹಾಕಿಕೊಂಡು ಸ್ಟೇಜ್ ಹಿಂದೆ ಕೂತಿದ್ದೆವು.

ಏಳಕ್ಕೆ ಸ್ಟೇಜ್ ಮುಂದೆ ಇದ್ದದ್ದು ಮಕ್ಕಳು ಮಾತ್ರ. ಕಮಿಟಿಯವರು ಬಂದು, "ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ, ಅವರು ಬಂದು ದೀಪ ಹಚ್ಚಿದ ಮೇಲೆ ಶುರು ಮಾಡಿ" ಅಂದರು. ಅತಿಥಿಗಳು ಬಂದದ್ದು 8.20ಕ್ಕೆ. ದೀಪ, ಸ್ವಾಗತ, ಭಾಷಣ. ಆಮೇಲೆ ಸನ್ಮಾನ. ಚಂದಾ ಕೊಟ್ಟವರು, ಜಾಗ ಕೊಟ್ಟವರು, ನೀರಿನ ಟ್ಯಾಂಕರ್ ಕೊಟ್ಟವರು, ಒಬ್ಬೊಬ್ಬರಿಗೂ ಶಾಲು, ಪೇಟ, ಹಾರ, ಒಂದು ಫೋಟೊ. ನಮ್ಮ ನಿರೂಪಕರೇ ಆ ಹೆಸರುಗಳನ್ನೆಲ್ಲ ಕೂಗಬೇಕಾಯಿತು, ಅವರ ಗಂಟಲಿನ ಅರ್ಧ ಶಕ್ತಿ ಅಲ್ಲೇ ಹೋಯಿತು. ಮೊದಲನೇ ಹಾಡು, ಗಣಪತಿ ಹಾಡು, ಶುರುವಾದಾಗ 9.10.

ನಾಲ್ಕನೇ ಹಾಡಿಗೆ ಜನ ತುಂಬಿದರು. ಹೆಂಗಸರು ಚಾಪೆ ತಂದು ಹಾಸಿಕೊಂಡರು, ಗೋಡೆ ಮೇಲೆ, ಟ್ರ್ಯಾಕ್ಟರ್ ಮೇಲೆ ಎಲ್ಲಾ ಹುಡುಗರು. ಪುನೀತ್ ಅವರ ಹಾಡು ಎತ್ತಿಕೊಂಡಾಗ ಮೊಬೈಲ್ ಟಾರ್ಚುಗಳು ಹತ್ತಿಕೊಂಡವು. 2021ರ ಅಕ್ಟೋಬರ್ 29ರ ನಂತರ ಅವರ ಹಾಡಿಲ್ಲದೆ ನಮ್ಮ ಒಂದು ಕಾರ್ಯಕ್ರಮವೂ ಆಗಿಲ್ಲ, ಪ್ರತಿ ಸಲವೂ ಜನ ಹಾಗೇ ಬೆಳಕು ಎತ್ತಿ ಹಿಡಿಯುತ್ತಾರೆ, ಪ್ರತಿ ಸಲವೂ ನನಗೆ ಕೀ ಕಾಣದ ಹಾಗೆ ಕಣ್ಣು ತುಂಬುತ್ತದೆ. ಸ್ಟೇಜ್ ಮೇಲೆ ಎಲ್ಲವೂ ಒಂದಕ್ಕೊಂದು ಸೇರಿಕೊಂಡು ಹೋಗುವ ಹತ್ತು ನಿಮಿಷ ಇರುತ್ತವಲ್ಲ, ಪ್ಯಾಡಿನವನು ತಬಲಾದವರ ಮುಖ ನೋಡಿ ನಗುವ ಹೊತ್ತು, ಅದು ಆಗ ಬಂದಿತ್ತು.

10.05ಕ್ಕೆ ಪೊಲೀಸರು ಬಂದರು. ಒಬ್ಬರು ಸ್ಟೇಜ್ ಪಕ್ಕಕ್ಕೆ ಬಂದು ಮೆಲ್ಲಗೆ, "ಟೈಮ್ ಆಯ್ತು, ಕಂಪ್ಲೇಂಟ್ ಬಂದಿದೆ, ಈ ಹಾಡಿಗೆ ನಿಲ್ಲಿಸಿಬಿಡಿ" ಅಂದರು. ಜೋರು ಮಾಡಲಿಲ್ಲ. ಹಾಡು ಮುಗಿಸುವುದಕ್ಕೂ ಬಿಟ್ಟರು. ಸ್ಟೇಜ್ ಹಿಂದಿನ ಬೀದಿಯ ಒಂದು ಮನೆಯಲ್ಲಿ ಆಪರೇಷನ್ ಆಗಿ ಮಲಗಿದ್ದ ಒಬ್ಬ ಅಜ್ಜಿ ಇದ್ದರಂತೆ, ಅದು ನಮಗೆ ಆಮೇಲೆ ಗೊತ್ತಾಯಿತು. ಒಂಬತ್ತು ಹಾಡು ಆಗಿತ್ತು. ನಾವು ತಯಾರಿ ಮಾಡಿಕೊಂಡು ಹೋಗಿದ್ದು 38.

ಸ್ಟೇಜ್ ಹಿಂದೆ ಮೊಬೈಲ್ ಬೆಳಕಿನಲ್ಲಿ ದುಡ್ಡಿನ ಮಾತು ಶುರುವಾಯಿತು.

"ಅಣ್ಣಾ, ಒಂದು ಗಂಟೆ ಹಾಡಿದ್ದೀರ. ಅರವತ್ತು ಹೆಂಗೆ ಕೊಡೋದು, ನೀವೇ ಹೇಳಿ."

"ನಾಲ್ಕು ಗಂಟೆಯಿಂದ ಇಲ್ಲೇ ಇದ್ದೀವಲ್ಲ ಸ್ವಾಮಿ."

"ಇದ್ರಿ. ಹಾಡಿಲ್ಲವಲ್ಲ."

ಈ ಪ್ರಕರಣ ಪೂರ್ತಿ ಆ ಎರಡು ಮಾತಿನಲ್ಲಿದೆ. ಆಗ ನನಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಮುಂಗಡ 10,000 ಮೊದಲೇ ಬಂದಿತ್ತು. ಆ ರಾತ್ರಿ 25,000 ಕೊಟ್ಟರು. ಗಾಯಕಿಯರು ಗಾಡಿಯಲ್ಲಿ ಕಾಯುತ್ತಿದ್ದರು, ಊರಿನ ಹುಡುಗರು ಒಂದಿಬ್ಬರು ಕುಡಿದಿದ್ದರು, ಇನ್ನು ಎಳೆದಾಡುವುದು ಬೇಡ ಅಂತ ತೆಗೆದುಕೊಂಡು ಬಂದೆ.

ಲೆಕ್ಕ

60,000 ಅಂದರೆ ದೊಡ್ಡ ಮೊತ್ತ ಅನ್ನಿಸುತ್ತದೆ. ಬಿಡಿಸಿ ಹೇಳುತ್ತೇನೆ. ಸೌಂಡ್ಸ್ ಮತ್ತು ಲೈಟಿಂಗ್ 18,000, ಜನರೇಟರ್ 4,000. ಗಾಡಿ 4,500. ಕಾರ್ಯಕ್ರಮ ಕೊಡಿಸಿದ ಬ್ರೋಕರ್ ಕಮಿಷನ್ ನೂರಕ್ಕೆ ಹತ್ತು, ಅಂದರೆ 6,000. ಗಾಯಕಿಯರಿಗೆ 3,500ರಂತೆ 7,000. ಪ್ಯಾಡಿಗೆ 3,000, ನಿರೂಪಕರಿಗೆ 3,000. ತಬಲಾ, ಬೇಸ್, ಗಾಯಕ ಮೂವರಿಗೂ 2,500ರಂತೆ. ಕೀಬೋರ್ಡಿಗೆ ನನ್ನ 4,000. ಒಟ್ಟು 57,000. ಉಳಿಯುವುದು 3,000, ಅದು ತಂಡ ನಡೆಸಿದ್ದಕ್ಕೆ. ರಿಹರ್ಸಲ್ ರೂಮಿನ ಬಾಡಿಗೆ, ಕೇಬಲ್, ಅಡಾಪ್ಟರ್ ಎಲ್ಲಾ ಅದರಲ್ಲೇ ಆಗಬೇಕು. ಎಲ್ಲವೂ ಸರಿಯಾಗಿ ನಡೆದ ರಾತ್ರಿಯ ಲೆಕ್ಕ ಇದು.

ಬಂದ 35,000ದಲ್ಲಿ ಬ್ರೋಕರ್ ತನ್ನ 6,000 ಮುಂಗಡದಲ್ಲೇ ಹಿಡಿದುಕೊಂಡಿದ್ದ. ಗಾಡಿಗೆ ಪೂರ್ತಿ ಕೊಟ್ಟೆ. ಗಾಯಕಿಯರಿಬ್ಬರಿಗೂ ಪೂರ್ತಿ ಕೊಟ್ಟೆ, ಗಾಡಿ ಹೊರಡುವ ಮೊದಲೇ. ಇದನ್ನು ಕೆಲವರು ತಪ್ಪು ಅಂತಾರೆ, ಎಲ್ಲರಿಗೂ ಸಮ ಹಂಚಬೇಕಿತ್ತು ಅಂತಾರೆ. ನನ್ನ ಲೆಕ್ಕ ಬೇರೆ. ರಾತ್ರಿ ಹನ್ನೆರಡೂವರೆಗೆ ಮನೆ ಬಾಗಿಲಲ್ಲಿ ಇಳಿಯುವ ಹೆಣ್ಣುಮಗಳ ಕೈಯಲ್ಲಿ ದುಡ್ಡೂ ಇಲ್ಲ ಅಂದರೆ ಮಾರನೇ ದಿನ ಆ ಮನೆಯಲ್ಲಿ ಏನು ಮಾತು ನಡೆಯುತ್ತದೆ ಅಂತ ನನಗೆ ಗೊತ್ತು. ನಮ್ಮ ಕಡೆ ಹತ್ತಾರು ಒಳ್ಳೆಯ ಕಂಠಗಳು ಮದುವೆಯಾದ ಮೇಲೆ ಸ್ಟೇಜ್ ಹತ್ತಿಲ್ಲ. ಇರುವ ಇಬ್ಬರನ್ನು ಉಳಿಸಿಕೊಳ್ಳುವುದು ತಂಡದ ಮೊದಲ ಕೆಲಸ. ಸೌಂಡ್ಸ್‌ನವರಿಗೆ ಜನರೇಟರ್ ಸೇರಿ 22,000ದಲ್ಲಿ 12,000 ಕೊಟ್ಟೆ. ಉಳಿದ 5,500 ಐದು ಜನಕ್ಕೆ 1,100ರ ಹಾಗೆ ಹಂಚಿದೆ. ಬಾಕಿ ಉಳಿದದ್ದು ಸೌಂಡ್ಸ್‌ಗೆ 10,000, ಆ ಐವರಿಗೆ 8,000, ನನ್ನ 7,000. ಅಲ್ಲಿಗೆ 25,000.

ಮಾರನೇ ವಾರ ಪ್ಯಾಡ್ ಹುಡುಗ ಬೆಂಗಳೂರಿನ ಒಂದು ತಂಡಕ್ಕೆ ಹೋದ. ಜಗಳ ಏನೂ ಇಲ್ಲ. "ಅಣ್ಣಾ, ಅಲ್ಲಿ ಕಾರ್ಪೊರೇಟ್ ಶೋ ಸಿಗ್ತವೆ, ಮುಗಿದ ತಕ್ಷಣ ಫೋನ್‌ಪೇ ಮಾಡ್ತಾರೆ" ಅಂದ. ಆ ಹುಡುಗನಿಗೆ ತಾಳ ಬಂದದ್ದು ತಂದೆಯ ತಮಟೆಯಿಂದ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂದಾಗ ಈ ಹುಡುಗನ ಮನೆಯಲ್ಲಿ ಸಿಹಿ ಹಂಚಿದ್ದರು. ಮುನಿವೆಂಕಟಪ್ಪನವರ ಶಿಡ್ಲಘಟ್ಟ ತಾಲ್ಲೂಕು ಈಗ ಚಿಕ್ಕಬಳ್ಳಾಪುರ ಜಿಲ್ಲೆ, ಆದರೆ 2007ರವರೆಗೂ ನಮ್ಮ ಕೋಲಾರ ಜಿಲ್ಲೆಯೇ ಅಲ್ವಾ. ಪ್ಯಾಡಿನಲ್ಲಿ ತಮಟೆ ಪೆಟ್ಟು ಎಲ್ಲರೂ ಬಾರಿಸುತ್ತಾರೆ, ಇವನು ಬಾರಿಸಿದರೆ ಮುದುಕರೂ ಎದ್ದು ಹೆಜ್ಜೆ ಹಾಕುತ್ತಾರೆ. ಅಂಥವನು ಹೋದ.

ಯಾಕಾಯಿತು

ಮೊದಲ ಎರಡು ವಾರ ನಾನು ಸುಮ್ನೆ ಕಮಿಟಿಯವರನ್ನು ಬೈದುಕೊಂಡಿದ್ದೆ. ಆಮೇಲೆ ಒಂದೊಂದೇ ವಿಚಾರಿಸುತ್ತಾ ಹೋದೆ.

ರಾತ್ರಿ ಹತ್ತರ ನಿಯಮ ಹೊಸದಲ್ಲ. ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ರಾಜ್ಯ ಸರ್ಕಾರ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದ ಹಾಗೆ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ರಾತ್ರಿ ಹತ್ತರ ಮಾತನ್ನು ಗಟ್ಟಿ ಮಾಡಿತು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಮಿತಿ ಇದೆ. ಎಂಟು ಜನ ನುಡಿಸುವ ತಂಡ ಅಷ್ಟರಲ್ಲಿ ಕೂರುವ ಮಾತೇ ಇಲ್ಲ. ಕಮಿಟಿಯವರು ಠಾಣೆಯಿಂದ ಅನುಮತಿ ತೆಗೆದುಕೊಂಡಿದ್ದರು. ಆ ಪತ್ರದಲ್ಲೇ 10 ಗಂಟೆ ಅಂತ ಇತ್ತು. ಅವರು ಓದಿರಲಿಲ್ಲ. ನಾನು ಕೇಳಿರಲಿಲ್ಲ. ಕೇಳುವುದೇನು, ನನಗೆ ನಿಯಮ ಗೊತ್ತೇ ಇತ್ತು, ಆದರೂ ಫೋನಿನಲ್ಲಿ "ಏಳರಿಂದ ಹನ್ನೊಂದು" ಅಂತ ಒಪ್ಪಿಕೊಂಡಿದ್ದೆ. ನಡೆಯುವಲ್ಲಿ ನಡೆಯಲಿ ಅನ್ನುವ ಹಳೆಯ ರೂಢಿ. ಈ ತಪ್ಪು ನನ್ನದೇ.

ಹಾಗಾದರೆ ಕಮಿಟಿಯವರು ಯಾಕೆ ಎರಡು ಗಂಟೆ ಕಳೆದರು? ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕರಗದ ರಾತ್ರಿಯನ್ನು ಅರ್ಥ ಮಾಡಿಕೊಳ್ಳಬೇಕು. ಕರಗ ದೇವಸ್ಥಾನದಿಂದ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ. ಅಲ್ಲಿಯವರೆಗೆ ಊರು ಎಚ್ಚರವಾಗಿರಬೇಕು. ನೆಂಟರು ಬಂದಿರುತ್ತಾರೆ, ಮಲಗುವುದಕ್ಕೆ ಜಾಗ ಇರುವುದಿಲ್ಲ, ಮಕ್ಕಳು ಮರಿ ಎಲ್ಲಾ ಬೀದಿಯಲ್ಲೇ. ಆ ಹೊತ್ತು ತುಂಬಿಸುವುದಕ್ಕೇ ಮೊದಲು ಪೌರಾಣಿಕ ನಾಟಕ ಆಡಿಸುತ್ತಿದ್ದರು. ರಾತ್ರಿ ಹತ್ತಕ್ಕೆ ಪರದೆ ಎದ್ದರೆ ಬೆಳಗಾಗುವವರೆಗೆ, ಹಾರ್ಮೋನಿಯಂ ಮೇಷ್ಟ್ರು ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ. ಆ ನಾಟಕದ ಜಾಗಕ್ಕೆ ರಸಮಂಜರಿ ಬಂತು. ಊರಿನ ಮನಸ್ಸಿನಲ್ಲಿ ಗಡಿಯಾರ ಮಾತ್ರ ನಾಟಕದ್ದೇ ಉಳಿದುಕೊಂಡಿದೆ. ಏಳು, ಎಂಟು, ಒಂಬತ್ತು ಅವರಿಗೆ ರಾತ್ರಿಯೇ ಅಲ್ಲ. ಹಾಗಾಗಿ ಆ ಹೊತ್ತನ್ನು ಭಾಷಣಕ್ಕೆ, ಸನ್ಮಾನಕ್ಕೆ ಕೊಡುತ್ತಾರೆ. ಅತಿಥಿ ಸನ್ಮಾನ ಬೇಡ ಅನ್ನುವುದಕ್ಕೂ ಆಗುವುದಿಲ್ಲ. ಚಂದಾ ಬರುವುದೇ ಅದರಿಂದ.

ಚಂದಾ ಅಂದೆನಲ್ಲ, ಅದು ಇನ್ನೊಂದು ವಿಷಯ. ನಮ್ಮ ಜಿಲ್ಲೆಯಲ್ಲಿ ಹಬ್ಬದ ಚಂದಾ ಟೊಮೆಟೊ ಮತ್ತು ಮಾವಿನ ಬೆಲೆಯ ಹಿಂದೆ ಹೋಗುತ್ತದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2,000 ದಾಟಿದಾಗ ಆ ವರ್ಷದ ಗಣೇಶನಿಗೆ ತಂಡಗಳು ಸಾಲುತ್ತಿರಲಿಲ್ಲ. 2025ರ ಬೇಸಿಗೆ ಉಲ್ಟಾ. ತೋತಾಪುರಿ ಬೆಲೆ ನೆಲ ಕಚ್ಚಿತು, ಜೂನ್‌ನಲ್ಲಿ ಶ್ರೀನಿವಾಸಪುರದಲ್ಲಿ ರೈತರು ಬೀದಿಗಿಳಿದರು. ನಾನು ಬಾಕಿ ಕೇಳುವುದಕ್ಕೆ ಆ ಊರಿಗೆ ಹೋದದ್ದು ಅದೇ ಜೂನ್‌ನಲ್ಲಿ.

ಕಮಿಟಿಯ ಹಿರಿಯರು ಒಬ್ಬರು ಟೀ ಅಂಗಡಿಯಲ್ಲಿ ಕೂರಿಸಿಕೊಂಡು ಚಂದಾ ಪುಸ್ತಕ ತೆಗೆದು ತೋರಿಸಿದರು. ಬರೆಸಿದವರಲ್ಲಿ ಅರ್ಧ ಜನ ಕೊಟ್ಟಿರಲಿಲ್ಲ. ಆ ಹಿರಿಯರದ್ದೇ ತೋಟದಲ್ಲಿ ಕಾಯಿ ಕೊಯ್ಯಿಸದೆ ಬಿಟ್ಟಿದ್ದರು, ಕೊಯ್ಯುವ ಕೂಲಿಯೂ ಹುಟ್ಟುವುದಿಲ್ಲ ಅಂತ. "ನಿಮಗೆ ಮೋಸ ಮಾಡಬೇಕು ಅಂತ ಅಲ್ಲಪ್ಪ. ಆ ರಾತ್ರಿ ನಮ್ಮ ಹತ್ರ ಇದ್ದದ್ದೇ ಅಷ್ಟು. ಹತ್ತು ಗಂಟೆಗೆ ನಿಂತದ್ದು ಒಂದು ನೆಪ ಆಯ್ತು" ಅಂದರು. ಅಷ್ಟು ಬಿಚ್ಚಿ ಹೇಳಿದವರ ಮುಂದೆ ನಾನು ಏನು ಜಗಳ ಆಡಲಿ? ನನ್ನ ಕಡೆಯ ಲೆಕ್ಕವನ್ನೂ ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದೆ. 1,100 ಅನ್ನುವ ಅಂಕಿ ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇಷ್ಟೇನಾ ಒಬ್ಬೊಬ್ಬರಿಗೆ?" ಅಂದರು. ನಾವು ಎಂಟು ಜನ ಅರವತ್ತು ಸಾವಿರವನ್ನು ಹಂಚಿಕೊಳ್ಳುತ್ತೇವೆ ಅಂತಲೇ ಅವರು ಅಂದುಕೊಂಡಿದ್ದರಂತೆ. ಜುಲೈನಲ್ಲಿ 8,000 ಬಂತು. ಐವರ ಬಾಕಿ ಅದರಲ್ಲಿ ತೀರಿತು. ಸೌಂಡ್ಸ್‌ನವರು 2,000 ಬಿಟ್ಟುಕೊಟ್ಟರು, ಉಳಿದ 8,000 ನಾನು ಗಣೇಶನ ಕಾರ್ಯಕ್ರಮಗಳಲ್ಲಿ ತೀರಿಸಿದೆ.

ಏನು ಬದಲಾಯಿಸಿದೆವು

"ಇದ್ರಿ, ಹಾಡಿಲ್ಲವಲ್ಲ" ಅನ್ನುವ ಮಾತಿಗೆ ಉತ್ತರ ಮೊದಲು ನಮ್ಮ ನಮ್ಮಲ್ಲೇ ಸ್ಪಷ್ಟವಾಗಬೇಕಿತ್ತು. ನಾಲ್ಕಕ್ಕೆ ಊರು ಸೇರಿ, ವೈರ್ ಎಳೆದು, ಶ್ರುತಿ ಹೊಂದಿಸಿ, ಬಟ್ಟೆ ಹಾಕಿಕೊಂಡು ಕೂತ ಹೊತ್ತಿನಿಂದ ನಮ್ಮ ಕೆಲಸ ಶುರುವಾಗಿದೆ. ಸೌಂಡ್ಸ್‌ನವರ ಬಾಡಿಗೆ 55 ನಿಮಿಷಕ್ಕೆ ಕಡಿಮೆಯಾಗುವುದಿಲ್ಲ, ಗಾಡಿಯ ಡೀಸೆಲ್ ಕಡಿಮೆಯಾಗುವುದಿಲ್ಲ. ನಾವು ಕೇಳುವುದು ಒಂದು ರಾತ್ರಿಯ ಕೂಲಿ. ಇದನ್ನು ಒಂದು ಹಾಳೆಯಲ್ಲಿ ಬರೆದೆವು, ನಮ್ಮ ಮಾತಿನಲ್ಲೇ. ಸಂಜೆ 6.15ಕ್ಕೆ ನಾವು ರೆಡಿ, ಆರೂವರೆಗೆ ಶುರು. 10ಕ್ಕೆ ಮೈಕ್ ಆಫ್, ಯಾರು ಕೇಳಿದರೂ. ನಡುವೆ ನಿಮ್ಮ ಕಾರ್ಯಕ್ರಮಕ್ಕೆ ಎಷ್ಟು ಹೊತ್ತು ಹೋದರೂ ಮೊತ್ತ ಅಷ್ಟೇ. ನಮ್ಮಿಂದ ತಡವಾದರೆ ನಾವು ಕಡಿಮೆ ಮಾಡುತ್ತೇವೆ. ಮುಂಗಡ ನೂರಕ್ಕೆ ನಲವತ್ತು, ಉಳಿದದ್ದು ಮೊದಲನೇ ಹಾಡಿಗೆ ಮುಂಚೆ. ಠಾಣೆಯ ಅನುಮತಿ ಪತ್ರದ ಫೋಟೊ ಒಂದು ದಿನ ಮೊದಲೇ ನನಗೆ ಕಳಿಸಬೇಕು.

ಇದರಿಂದ ಕಳೆದುಕೊಂಡದ್ದೂ ಇದೆ. ಮಾಲೂರು ಕಡೆಯ ಒಂದು ಕಮಿಟಿಯವರು ಹಾಳೆ ನೋಡಿದ ತಕ್ಷಣ "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಬೇಜಾರಾಗಿ ಬೇರೆ ತಂಡ ಕರೆದರು. ಬ್ರೋಕರ್ "ನಿಮ್ಮದು ಜಾಸ್ತಿಯಾಯ್ತು" ಅಂತ ಫೋನ್ ಮಾಡುವುದನ್ನೇ ಬಿಟ್ಟ. ಆಮೇಲೆ ಹಾಳೆ ಕೊಡುವುದಕ್ಕೆ ಮೊದಲು ನಾನೇ ಊರಿಗೆ ಹೋಗಿ ಕೂತು ಮಾತಾಡುವುದು ಶುರು ಮಾಡಿದೆ. ಜಾಗ ನೋಡುತ್ತೇನೆ, ಕರೆಂಟು ನೋಡುತ್ತೇನೆ, ಸ್ಪೀಕರ್ ಯಾವ ಕಡೆ ಮುಖ ಮಾಡಬೇಕು ಅಂತ ನೋಡುತ್ತೇನೆ, ಹತ್ತಿರದ ಮನೆಗಳಲ್ಲಿ ಕಾಯಿಲೆಯವರು, ಬಾಣಂತಿಯರು ಇದ್ದಾರಾ ಅಂತ ಕೇಳುತ್ತೇನೆ. ಅಷ್ಟಾದ ಮೇಲೆ ಹಾಳೆ ಕೊಟ್ಟರೆ ಯಾರೂ ಬೇಜಾರಾಗುವುದಿಲ್ಲ. ಹಾಳೆಗಿಂತ ಹೀಗೆ ಹೋಗಿ ಬರುವುದೇ ಜಾಸ್ತಿ ಕೆಲಸ ಮಾಡಿದೆ ಅಂತ ಈಗ ಅನ್ನಿಸುತ್ತದೆ.

ಹಾಡಿನ ಪಟ್ಟಿಯೂ ಬದಲಾಯಿತು. ಮೊದಲು ನಾಲ್ಕು ಭಕ್ತಿಗೀತೆ, ಆಮೇಲೆ ರಾಜ್‌ಕುಮಾರ್ ಕಾಲದ ಹಾಡುಗಳು, ಹೊಸ ಹಾಡು, ಕುಣಿತದ ಹಾಡೆಲ್ಲ ಹತ್ತೂವರೆಯ ಮೇಲೆ ಅಂತ ಇಟ್ಟುಕೊಳ್ಳುತ್ತಿದ್ದೆವು. ಈಗ ಹತ್ತೂವರೆ ಅನ್ನುವುದೇ ಇಲ್ಲ. ಭಕ್ತಿಗೀತೆ ಎರಡು, ಮೂರನೆಯದಕ್ಕೇ ಕುಣಿತ. ಭಾಷೆಯ ಲೆಕ್ಕ ನಮ್ಮ ಜಿಲ್ಲೆಯಲ್ಲಿ ಊರಿಂದ ಊರಿಗೆ ಬೇರೆ. ಮುಳಬಾಗಿಲು, ಶ್ರೀನಿವಾಸಪುರದಲ್ಲಿ ತೆಲುಗು ಹಾಡು ಕೇಳೇ ಕೇಳುತ್ತಾರೆ. ಕೆಜಿಎಫ್‌ನಲ್ಲಿ ತಮಿಳು ಬೇಕು, ಅಲ್ಲಿ ನಮ್ಮ ಗಾಯಕಿಗೆ ತವರಿನ ಮರ್ಯಾದೆ. ರಾಜ್ಯೋತ್ಸವಕ್ಕೆ ಕನ್ನಡ ಬಿಟ್ಟು ಬೇರೆ ಇಲ್ಲ. ಈ ಮೂರೂ ಕಡೆ ಸಲ್ಲುವವರು ಎಸ್‌ಪಿಬಿ. ಕಮಿಟಿಯೊಳಗೆ ಯಾವ ಭಾಷೆ ಅಂತ ಎಳೆದಾಟ ಬಂದರೆ ಅವರ ಒಂದು ಕನ್ನಡ, ಒಂದು ತೆಲುಗು, ಒಂದು ತಮಿಳು ಸಾಲಾಗಿ ಹಾಡಿಸುತ್ತೇವೆ, ಯಾರೂ ಮಾತಾಡುವುದಿಲ್ಲ. ಮನೆಯಲ್ಲಿ ತೆಲುಗು ಆಡುವ ಗಡಿ ಊರಿನ ಹುಡುಗರು ಕನ್ನಡ ಹಾಡಿಗೆ ಗಂಟಲು ಬಿರಿಯುವ ಹಾಗೆ ದನಿಗೂಡಿಸುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಖುಷಿಯಾಗುತ್ತದೆ.

ಟ್ರ್ಯಾಕಿನ, ಅಂದರೆ ಮೊದಲೇ ರೆಕಾರ್ಡ್ ಮಾಡಿದ ವಾದ್ಯಸಂಗೀತದ ವಿಷಯ ಬಂದೇ ಬಂತು. ಜೂನ್‌ನಲ್ಲಿ ಕೂತು ಮಾತಾಡುವಾಗ ನಿರೂಪಕರೇ ಹೇಳಿದರು, ಎಂಟು ಜನ ಬೇಡ, ಟ್ರ್ಯಾಕ್ ಹಾಕಿಕೊಂಡು ಮೂವರು ಗಾಯಕರು, ಒಬ್ಬ ನಿರೂಪಕ ಹೋದರೆ ಅರ್ಧ ದುಡ್ಡಿಗೆ ಕಾರ್ಯಕ್ರಮ ಆಗುತ್ತದೆ, ಸಿಗುವುದೂ ಜಾಸ್ತಿ ಅಂತ. ಲೆಕ್ಕದಲ್ಲಿ ಅದು ಸರಿ. ನಾಮಕರಣ, ಹುಟ್ಟುಹಬ್ಬಗಳಿಗೆ ನಾವೂ ಹಾಗೆ ಹೋಗುತ್ತೇವೆ. ಆದರೆ ಊರ ಹಬ್ಬಕ್ಕೆ ಹಾಗೆ ಹೋಗುವುದು ಬೇಡ ಅಂತ ನಾನು ಹಟ ಹಿಡಿದೆ. ಟ್ರ್ಯಾಕ್ ನಿಲ್ಲುವುದಿಲ್ಲ, ಜನಕ್ಕೆ ಕಾಯುವುದಿಲ್ಲ. ಒಬ್ಬ ಅಜ್ಜ ಸ್ಟೇಜ್ ಹತ್ತಿ ಇನಾಮು ಕೊಡುವಾಗ ಆ ಸಾಲನ್ನೇ ನಾಲ್ಕು ಸಲ ತಿರುಗಿಸಿ ನುಡಿಸಬೇಕು, ಮಗು ಹಾಡಲು ಬಂದರೆ ಆ ಮಗುವಿನ ಸ್ಕೇಲಿಗೆ ಇಳಿಯಬೇಕು. ಅದು ಕೈ ಇರುವವರಿಂದ ಮಾತ್ರ ಆಗುವುದು. ಅದೂ ಅಲ್ಲದೆ, ತಬಲಾ ಬೇಡ, ಬೇಸ್ ಬೇಡ ಅಂದರೆ ನಾಳೆ ಕಲಿಯುವ ಹುಡುಗ ಯಾರನ್ನು ನೋಡಿ ಕಲಿಯಬೇಕು? ಕೊನೆಗೆ ಎಂಟು ಜನ ಅಂತಲೇ ಉಳಿಯಿತು.

ಮತ್ತೆ ಅದೇ ಊರು

2025ರ ಗಣೇಶ ಚತುರ್ಥಿ ಆಗಸ್ಟ್ 27ಕ್ಕೆ ಬಂತು. ಅದೇ ಊರಿನಿಂದ ಆ ಹಿರಿಯರೇ ಫೋನ್ ಮಾಡಿದರು. ಈ ಸಲ 50,000, ಬ್ರೋಕರ್ ಇಲ್ಲ. ಹಾಳೆಗೆ ಸಹಿ ಹಾಕಿದರು, 20,000 ಮುಂಗಡ ಕಳಿಸಿದರು. ನಮ್ಮಲ್ಲಿ ಇಬ್ಬರಿಗೆ ಹೋಗುವ ಮನಸ್ಸಿರಲಿಲ್ಲ. ಬಾಕಿಯಲ್ಲಿ ಆದಷ್ಟು ಕೊಟ್ಟವರನ್ನು ಬಿಡಬಾರದು ಅಂತ ಹೇಳಿ ಕರೆದುಕೊಂಡು ಹೋದೆ.

ಆರೂವರೆಗೆ ಶುರು ಅಂತ ಬರೆದುಕೊಳ್ಳುವುದು ಸುಲಭ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಆ ಹೊತ್ತಿಗೆ ಊರಿಗೆ ಊರೇ ಹಾಲು ಕರೆಯುತ್ತಿರುತ್ತದೆ. ಕರೆದು, ಡೇರಿಗೆ ಹಾಕಿ, ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಏಳೂವರೆ. ಕೇಳುವವರಿಲ್ಲದೆ ಒಳ್ಳೆಯ ಹಾಡುಗಳನ್ನು ಸುಮ್ಮನೆ ಖರ್ಚು ಮಾಡುವುದಾ? ಟೀಚರ್ ಆಗಿರುವ ನಮ್ಮ ಗಾಯಕಿ ಅಲ್ಲೇ ಓಡಾಡುತ್ತಿದ್ದ ಮಕ್ಕಳನ್ನು ಕರೆದು, "ಯಾರ್ಯಾರು ಹಾಡ್ತೀರ?" ಅಂದರು. ಹನ್ನೆರಡು ಮಕ್ಕಳು ಸಾಲು ನಿಂತರು. ಒಬ್ಬೊಬ್ಬರಿಗೂ ಪೂರ್ತಿ ತಂಡ ಜೊತೆಗೆ ನುಡಿಸಿತು. ತಮ್ಮ ಮಗಳ ದನಿ ಮೈಕಿನಲ್ಲಿ ಕೇಳಿ ಕೊಟ್ಟಿಗೆಯಿಂದ ಹಾಗೇ ಎದ್ದು ಬಂದ ತಾಯಂದಿರನ್ನು ನೋಡಿದೆ, ಕೈಯಲ್ಲಿ ಇನ್ನೂ ಹಾಲಿನ ಕ್ಯಾನ್. ಏಳೂವರೆಗೆ ಸ್ಟೇಜ್ ಮುಂದೆ ಜಾಗ ಇರಲಿಲ್ಲ. ಎಂಟಕ್ಕೆ ಇಪ್ಪತ್ತು ನಿಮಿಷ ಸನ್ಮಾನ ಆಯಿತು. ಹಿರಿಯರೇ ಗಡಿಯಾರ ನೋಡುತ್ತಾ ನಿಂತಿದ್ದರು, ಭಾಷಣ ಬೆಳೆಸಿದವರ ಹೆಗಲು ತಟ್ಟಿ ಕೂರಿಸಿದರು. ಸ್ಪೀಕರ್‌ಗಳ ಮುಖವನ್ನು ಕೆರೆಯ ಕಡೆಗೆ ತಿರುಗಿಸಿದ್ದೆವು. ಪುನೀತ್ ಅವರ ಹಾಡಿನೊಂದಿಗೆ 9.55ಕ್ಕೆ ಮುಗಿಸಿದೆವು. 31 ಹಾಡು, ಮಕ್ಕಳದ್ದು ಬೇರೆ.

ಉಳಿದ 30,000 ಕವರಿನಲ್ಲಿ ಹಾಕಿ ಮೊದಲನೇ ಹಾಡಿಗೆ ಮುಂಚೆಯೇ ಕೊಟ್ಟಿದ್ದರು. ಹಿಂದಿರುಗುವ ದಾರಿಯಲ್ಲಿ ಗಾಡಿಯಲ್ಲೇ ಎಲ್ಲರಿಗೂ ಹಂಚಿದೆ. ಹನ್ನೊಂದೂವರೆಗೆ ಎಲ್ಲರೂ ಮನೆ ಸೇರಿದ್ದರು.

ಎಲ್ಲಾ ಕಡೆ ಹೀಗೇ ಆಗಿಲ್ಲ. ನವೆಂಬರ್‌ನಲ್ಲಿ ಒಂದು ಕಡೆ ಎರಡು ಗಂಟೆ ಭಾಷಣವೇ ಆಯಿತು, ಒಂದು ಗಂಟೆ ಹಾಡಿ ಬಂದೆವು. ಹಾಳೆ ಇದ್ದದ್ದರಿಂದ ಪೂರ್ತಿ ದುಡ್ಡು ಸಿಕ್ಕಿತು. ಆದರೂ ಆ ರಾತ್ರಿ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ದುಡ್ಡು ಬಂದರೂ ಹಾಡದೆ ಬಂದ ರಾತ್ರಿ ಹಾಗೇ ಇರುತ್ತದೆ.

ಈ ಸಲದ ಕರಗಕ್ಕೂ ಆ ಊರಿನವರು ಕರೆದಿದ್ದಾರೆ. ಮುಂಗಡ ಬಂದಿದೆ. ಪ್ಯಾಡ್ ಹುಡುಗನಿಗೆ ಫೋನ್ ಮಾಡಿ ದಿನಾಂಕ ಹೇಳಿದೆ, ಆ ದಿನ ಬೆಂಗಳೂರಿನಲ್ಲಿ ಶೋ ಇಲ್ಲ, ಬರುತ್ತೇನೆ ಅಂದಿದ್ದಾನೆ. ಹಿರಿಯರು ಒಂದೇ ಒಂದು ಕೇಳಿದ್ದಾರೆ. ಗಣೇಶನ ರಾತ್ರಿ ಹಾಡಿದ ಮಕ್ಕಳಲ್ಲಿ ಏಳನೇ ಕ್ಲಾಸಿನ ಒಂದು ಹುಡುಗಿ ಇದ್ದಳು, ಅವಳಿಗೆ ಈ ಸಲ ಎರಡು ಹಾಡು ಕೊಡಿ ಅಂತ. ಭಾನುವಾರ ಅವಳ ತಂದೆ ಬೈಕಿನಲ್ಲಿ ರಿಹರ್ಸಲ್‌ಗೆ ಕರೆತರುತ್ತಾರೆ. ಅವಳ ದನಿ ತುಂಬಾ ಮೇಲಿದೆ, ಎರಡೂ ಹಾಡನ್ನು ಒಂದೂವರೆ ಸ್ವರ ಏರಿಸಿ ಬರೆದಿಟ್ಟಿದ್ದೇನೆ.